ಕೆಂಪು ರೇನ್‌ಕೋಟಿನ ನರ್ಸಬಾಯಿ

ಆ ಗೇಮು ಕೆಟ್ಟದ್ದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಯಾವುದೋ ಬೆಲೆಬಾಳುವ ವಸ್ತುವಿಗಾಗಿ ಇಷ್ಟು ವರ್ಷ ಸಿಟ್ಟು ಹಿಡಿದುಕೊಂಡು ಕೂತಿದ್ದೇನೆ ಎಂದುಕೊಂಡೀರಿ. ಸಮುದ್ರದ ದಂಡೆಯಲ್ಲಿ ಒಂದು ಹಾಳುಬಿದ್ದ ಆಸ್ಪತ್ರೆ. ಅಲ್ಲಿ ಸತ್ತ ರೋಗಿಗಳು ಎದ್ದು ಓಡಾಡುತ್ತಾರೆ. ಕೆಂಪು ರೇನ್‌ಕೋಟು ತೊಟ್ಟ ಒಬ್ಬ ನರ್ಸಬಾಯಿ ತನ್ನ ತಂಗಿಯನ್ನು ಹುಡುಕಿಕೊಂಡು ಆ ಆಸ್ಪತ್ರೆಗೆ ಬರುತ್ತಾಳೆ. ಅವಳನ್ನು ಜೀವಂತ ಹೊರಗೆ ತರುವುದು ಆಡುವವರ ಕೆಲಸ. ಕತೆ ಅಷ್ಟೇ.

ಆದರೆ ಆ ನರ್ಸಬಾಯಿಗೆ ತಿರುಗಲು ಬರುತ್ತಿರಲಿಲ್ಲ. ಎಡಕ್ಕೆ ತಿರುಗಿಸಬೇಕೆಂದರೆ ನಿಂತಲ್ಲೇ ಇಷ್ಟಿಷ್ಟೇ ಸುತ್ತುತ್ತಿದ್ದಳು, ಓಣಿಯಲ್ಲಿ ಸಿಕ್ಕಿಕೊಂಡ ಚಕ್ಕಡಿಯ ಹಾಗೆ. ಕ್ಯಾಮೆರಾ ಎಲ್ಲೋ ಮೇಲೆ, ಮೂಲೆಯಲ್ಲಿ ಇರುತ್ತಿತ್ತು. ಹೀಗಾಗಿ ಅವಳ ಎದುರಿಗೆ ಏನಿದೆ ಎಂಬುದು ಅವಳಿಗೆ ಕಾಣುತ್ತಿತ್ತೇ ಹೊರತು ನಮಗೆ ಕಾಣುತ್ತಿರಲಿಲ್ಲ. ಮಾತಂತೂ ಕೇಳಬಾರದು. ಜತೆಯವನ ಹೆಣ ಕಾಲಡಿ ಬಿದ್ದಿದ್ದರೂ ಅವಳು ಸಾಲಿಯ ಪಾಠ ಓದಿದಂತೆ, ಒಂದೇ ದನಿಯಲ್ಲಿ, ‘ಓ ನೋ. ದಿಸ್ ಈಸ್ ನಾಟ್ ಗುಡ್’ ಎನ್ನುತ್ತಿದ್ದಳು. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಿಗೊಂದು ತಪ್ಪು.

ಎರಡು ಸಾವಿರದ ಒಂದೋ ಎರಡೋ ಇಸವಿ ಇರಬೇಕು. ನಾವಾಗ ಹುಬ್ಬಳ್ಳಿಯ ನವನಗರದಲ್ಲಿದ್ದೆವು. ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ ಅಂದರೆ ನಮ್ಮ ವೈನಿ, ಬಿ.ಕಾಂ. ಓದುತ್ತಿದ್ದ ನಾನು. ಅಣ್ಣ ಔಷಧಿ ಕಂಪನಿಯೊಂದರ ಪ್ರತಿನಿಧಿ. ತಿಂಗಳ ವರದಿಯನ್ನು ಮನೆಯಲ್ಲೇ ಬರೆಯಲೆಂದು ಕಂಪ್ಯೂಟರ್ ತರಿಸಿದ್ದ. ಅದನ್ನು ಹಾಲ್‌ನಲ್ಲಿ ಇಟ್ಟು, ಮೇಲೆ ಅವ್ವನ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿದ್ದೆವು. ಅಣ್ಣ ಬೆಳಿಗ್ಗೆ ಬೈಕಿನ ಮೇಲೆ ಹೋದರೆ ಬರುವುದು ಸಂಜೆಗೆ. ಕಾಲೇಜಿನ ಗೆಳತಿಯೊಬ್ಬಳ ಕಡೆಯಿಂದ ಆ ಗೇಮಿನ ಸೀಡಿ ತಂದವಳು ನಾನು. ಇದು ನೆನಪಿರಲಿ. ತಂದವಳು ನಾನು.

ನಾನು ಅದನ್ನು ಆಡುತ್ತಿದ್ದದ್ದು ನಗಲಿಕ್ಕೆ. ಒಂದು ಮಧ್ಯಾಹ್ನ, ಅವ್ವ ಮಠದ ಪ್ರವಚನಕ್ಕೆ ಹೋಗಿದ್ದಳು. ನರ್ಸಬಾಯಿಯನ್ನು ಗೋಡೆಗೆ ಹಾಯಿಸಿ ಹಾಯಿಸಿ ನಾನು ನಗುತ್ತಿದ್ದೆ. ವೈನಿ ಅಡಿಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಜೋಳದ ಹಿಟ್ಟು ಹಾಗೇ ಇಟ್ಟುಕೊಂಡು ನಿಂತಿದ್ದಳು.

“ಆ ಕಡೆ ಹೋಗಬ್ಯಾಡ,” ಅಂದಳು.

“ಯಾಕ್ರಿ ವೈನಿ?”

“ಮಂಚದ ಕೆಳಗ ಯಾರದೋ ಕಾಲು ಕಾಣಾಕತ್ತಾವ.”

ನನಗೆ ಕಂಡಿರಲಿಲ್ಲ. ಹೋದೆ. ಮಂಚದ ಕೆಳಗಿನವನು ಎದ್ದು ನರ್ಸಬಾಯಿಯ ಕುತ್ತಿಗೆಗೆ ಬಾಯಿ ಹಾಕಿದ. ನಾನು ನಕ್ಕೆ. ವೈನಿ ನಗಲಿಲ್ಲ. “ಹೇಳಿದ್ನೆಲ್ಲ,” ಅಂದವಳು ಸೀದಾ ಹೋಗಿ ಕೈ ತೊಳೆದುಕೊಂಡು ಬಂದು, “ಸರಿ, ನಾ ನೋಡತೇನಿ,” ಎಂದು ನನ್ನ ಕುರ್ಚಿಯಲ್ಲಿ ಕೂತಳು.

ಅವಳು ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದನ್ನು ನಾನು ಎಷ್ಟು ಸಲ ನೋಡಿದ್ದೆನೋ, ಬೆರಳೆಣಿಕೆ. ನವಲಗುಂದದ ಕಡೆಯ ಹಳ್ಳಿಯವಳು. ಹತ್ತನೇ ಇಯತ್ತೆಯಲ್ಲಿ ಊರಿಗೇ ಮೊದಲು ಬಂದಿದ್ದಳಂತೆ. ಮಾಸ್ತರಿಕೆಯ ಕೋರ್ಸಿಗೆ ಅರ್ಜಿ ತುಂಬುವ ಹೊತ್ತಿಗೆ ನಮ್ಮಣ್ಣನ ಸಂಬಂಧ ಬಂತು.

ನಾಲ್ಕೇ ದಿನದಲ್ಲಿ ಅವಳು ನನ್ನನ್ನು ದಾಟಿ ಹೋದಳು. ಕ್ಯಾಲೆಂಡರಿನ ಹಳೆಯ ಹಾಳೆಗಳ ಬೆನ್ನಿಗೆ ಆಸ್ಪತ್ರೆಯ ನಕಾಶೆ ಬರೆದಳು. ಯಾವ ಖೋಲಿಯಲ್ಲಿ ಏನಿದೆ, ಯಾವ ಬಾಗಿಲಿಗೆ ಯಾವ ಕೀಲಿ, ಎಲ್ಲಿ ಎಷ್ಟು ಗುಂಡು ಸಿಗುತ್ತವೆ, ಎಲ್ಲವೂ ಸುಂದರ ದುಂಡಕ್ಷರದಲ್ಲಿ. ಆ ದೆವ್ವಗಳಿಗೆ ಹೆಸರಿಟ್ಟಳು. ಮುಖ ಬೆಳ್ಳಗಿದ್ದವನು ಹಿಟ್ಟಿನ ಮಾರಿಯಾಂವ. ತೆವಳಿಕೊಂಡು ಬರುವವಳು ನೆಲ ಸಾರಸಾಕಿ. ಗುಂಡು ಉಳಿಸಲು, ಅವರನ್ನು ಒಂದು ಮೇಜಿನ ಸುತ್ತ ಸುತ್ತಿಸಿ ತಪ್ಪಿಸಿಕೊಳ್ಳುವುದನ್ನು ಕಲಿತಳು. ತಿರುಗಲು ಬಾರದ ಆ ನರ್ಸಬಾಯಿಯಿಂದ ಇಂಥದ್ದನ್ನು ಮಾಡಿಸಲು ಬೆರಳಿಗೆ ಎಂಥ ತಾಳ್ಮೆ ಬೇಕೆಂದು ನನಗೆ ಗೊತ್ತು. ನನ್ನ ಬೆರಳಿಗೆ ಅದಿರಲಿಲ್ಲ.

ಅವಳಿಗೆ ಅದೇಕೆ ಅಷ್ಟು ಹಿಡಿಸಿತು ಎಂದು ನಾನು ಭಾಳ ಸಲ ಯೋಚಿಸಿದ್ದೇನೆ. ಅದೇ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಒಂದು ಛಲೋ ಗೇಮೂ ಇತ್ತು. ಬೆಣ್ಣೆಯಂತೆ ಓಡುತ್ತಿತ್ತು. ಎರಡು ನಿಮಿಷ ನೋಡಿ, “ಇದಕ್ಕ ನಾವು ಬೇಕಾಗೇ ಇಲ್ಲ,” ಅಂದಳು. ನರ್ಸಬಾಯಿಗೆ ನಾವು ಬೇಕಾಗಿತ್ತು. ಕಾಲು ನೋಯುವವರನ್ನು ರಟ್ಟೆ ಹಿಡಿದು ಮೆಟ್ಟಿಲು ಇಳಿಸುತ್ತೇವಲ್ಲ, ಅಷ್ಟು ಜಾಗ್ರತೆಯಿಂದ ಅವಳನ್ನು ಒಂದೊಂದೇ ಖೋಲಿ ದಾಟಿಸಬೇಕಿತ್ತು.

ಆಟದಲ್ಲಿ ಒಬ್ಬ ಡಾಕ್ಟರನಿದ್ದ. ಕೈಯಲ್ಲಿ ದೊಡ್ಡ ಬಂದೂಕು. ಅರ್ಧ ಆಟ ಮುಗಿದಾಗ ಅವನು ಬಂದು, ನೀನಿಲ್ಲೇ ಇರು, ಇಲ್ಲಿ ನಿನಗೆ ಭಯವಿಲ್ಲ ಎಂದು ಹೇಳಿ, ನರ್ಸಬಾಯಿಯನ್ನು ಔಷಧಿಯ ಕೋಣೆಯೊಳಗೆ ಹಾಕಿ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ವೈನಿಯ ಮುಖ ಕೆಂಪಾಯಿತು.

“ಇಲ್ಲೀತನ ಬಂದಾಕಿ ಅಕಿ. ಒಬ್ಬಾಕೇ ಬಂದಾಳ. ಇವನ್ಯಾರು ಚಿಲಕ ಹಾಕಾಂವ?”

“ವೈನಿ, ಗೇಮ್ ರಿ ಅದು.”

“ಗೇಮ್ ಆದ್ರೇನ ಆತು? ಬರದಾಂವ ಮನಶ್ಯಾನ ಹೌದಲ್ಲ?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳ ಇಂಗ್ಲಿಷ್ ಉಚ್ಚಾರಕ್ಕೂ ನಗುತ್ತಿದ್ದೆ. ಹಾಲು ಉಕ್ಕಿದಾಗ ಅವಳು ನರ್ಸಬಾಯಿಯ ದನಿಯಲ್ಲೇ ‘ಓ ನೋ’ ಅಂದರೆ ಇಬ್ಬರೂ ನಗುತ್ತಿದ್ದೆವು, ಅದು ಬೇರೆ. ಅವಳನ್ನು ನೋಡಿ ನಾನೊಬ್ಬಳೇ ನಗುತ್ತಿದ್ದೆನಲ್ಲ, ಅದು ಬೇರೆ. ಆ ವಯಸ್ಸಿನಲ್ಲಿ ನನಗೆ ಆ ಫರಕು ತಿಳಿದಿರಲಿಲ್ಲ ಎಂದು ಬರೆಯಲು ಕೈ ಓಡುತ್ತದೆ. ಸುಳ್ಳು. ತಿಳಿದಿತ್ತು.

ಮೂರು ವಾರವಾಗಿತ್ತು. ಆಸ್ಪತ್ರೆಯ ಕೊನೆಯ ಭಾಗ, ದೀಪಸ್ತಂಭಕ್ಕೆ ಹೋಗುವ ಸುರಂಗ, ಅಲ್ಲಿಗೆ ಅವಳು ತಲುಪಿದ್ದಳು. ಆ ರವಿವಾರ ವೈನಿಯ ಅಪ್ಪ ಬಂದಿದ್ದರು, ಚೀಲದ ತುಂಬ ಹಸಿ ಕಡಲಿ ತಗೊಂಡು. ಉಪ್ಪಿಟ್ಟು ತಿನ್ನುತ್ತ ಹಾಲ್‌ನಲ್ಲಿ ಕೂತಿದ್ದರು. ಅಣ್ಣ ವರದಿ ಬರೆಯಲೆಂದು ಕಂಪ್ಯೂಟರ್ ಚಾಲೂ ಮಾಡಿದ. ಅದು ಚಾಲೂ ಆಗಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಮತ್ತೆ ಕಪ್ಪು ಪರದೆ. ನಾಲ್ಕು ಸಲ ಪ್ರಯತ್ನಿಸಿದ. ಐದನೆಯ ಸಲ ಸೀಡಿಯ ಖಾನೆ ತೆರೆದ. ಒಳಗೆ ನಮ್ಮ ಗೇಮಿತ್ತು.

“ಯಾರು ಹಾಕಿದ್ದು ಇದನ್ನ?”

ವೈನಿ ಅಡಿಗೆಮನೆಯಿಂದ ಬಂದಳು. ಅವ್ವ ಕೌದಿ ಹೊಲಿಯುವುದನ್ನು ನಿಲ್ಲಿಸಿದಳು. ವೈನಿ ನನ್ನ ಮುಖ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ಈಗ ನೀನು ಹೇಳುತ್ತೀ ಎಂದು ಖಾತ್ರಿ ಇದ್ದವರ ನೋಟ. ನಾನು ನೆಲ ನೋಡಿದೆ.

“ನಾ ಆಡತಿದ್ದೆ,” ಅಂದಳು ವೈನಿ.

ಅಣ್ಣ ಅವಳ ಕಡೆ ತಿರುಗಲಿಲ್ಲ. ಅವಳ ಅಪ್ಪನ ಕಡೆ ತಿರುಗಿದ. “ಕೇಳಿದ್ರೆಲ್ರಿ ಮಾವಾರ? ನಿಮ್ಮ ಮಗಳಿಗೆ ದೆವ್ವದ ಆಟ ಬೇಕಂತ. ನನ್ನ ತಿಂಗಳ ಕೆಲಸ ಎಲ್ಲಾ ಹಾಳಾತು. ಮನಿ ಹೆಂಗಸರು ಮುಟ್ಟಬಾರದ್ದ ಮುಟ್ಟಿದ್ರ ಹಿಂಗ ಆಗೂದು.”

ವೈನಿಯ ಅಪ್ಪ ಉಪ್ಪಿಟ್ಟಿನ ತಾಟು ಕೆಳಗಿಟ್ಟು ಎದ್ದು ನಿಂತರು. ಅಳಿಯನ ಮುಂದೆ ಕೈ ಜೋಡಿಸಿದರು. “ತಪ್ಪಾತ್ರಿ. ನಾ ಹೇಳತೇನ್ರಿ ಅಕಿಗೆ.”

ಅಣ್ಣ ಸೀಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮಣಿಸಿದ. ಸೀಡಿ ಅಷ್ಟು ಲಗೂ ಮುರಿಯುವುದಿಲ್ಲ. ಬಾಗುತ್ತದೆ, ಬಾಗುತ್ತದೆ, ಆಮೇಲೆ ಒಮ್ಮೆಲೇ ಚೂರಾಗುತ್ತದೆ. ಚೂರು ಅವನ ಅಂಗೈಗೆ ಚುಚ್ಚಿ ರಕ್ತ ಬಂತು. ಅರಿಶಿಣ ತಂದು ಹಚ್ಚಿದ್ದು ವೈನಿಯೇ. ಇದನ್ನು ಬರೆಯುವಾಗ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತವೆ. ಸಿಟ್ಟು ಅವನ ಮೇಲೆ ಮಾತ್ರವಲ್ಲ. ಕೈ ಜೋಡಿಸಿದ ಆ ಮುದುಕನ ಮೇಲೆ, ಮತ್ತೆ ಸೂಜಿ ಎತ್ತಿಕೊಂಡ ಅವ್ವನ ಮೇಲೆ, ಎಲ್ಲರಿಗಿಂತ ಹೆಚ್ಚು, ನೆಲದ ಫರಸಿಯನ್ನು ದಿಟ್ಟಿಸುತ್ತಿದ್ದ ಹತ್ತೊಂಬತ್ತು ವರ್ಷದ ಆ ಹುಡುಗಿಯ ಮೇಲೆ.

ಎರಡು ದಿನ ಬಿಟ್ಟು ಕಂಪ್ಯೂಟರ್ ಜೋಡಿಸಿಕೊಟ್ಟವನು ಬಂದ. ಡಬ್ಬಿ ಬಿಚ್ಚಿದ, ಏನೇನೋ ಪರೀಕ್ಷೆ ಮಾಡಿದ. “ವೈರಸ್ ರಿ ಸರ. ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು.” ವೈನಿ ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಂದ ಬಂತ್ರಿ ಅದು?” ಕೇಳಿದಳು. “ಗೇಮಿನ ಸೀಡಿಯಿಂದ ಬಂತೇನ್ರಿ?”

ಆತ ಮೇಜಿನ ಮೇಲಿದ್ದ ಅಣ್ಣನ ಫ್ಲಾಪಿಗಳನ್ನು ಒಂದೊಂದಾಗಿ ತಾನು ತಂದಿದ್ದ ಯಂತ್ರದಲ್ಲಿ ಹಾಕಿ ನೋಡಿದ. “ಇಲ್ರಿ ಅಕ್ಕಾರ. ಈ ಫ್ಲಾಪಿಯೊಳಗ ಐತಿ ನೋಡ್ರಿ. ಆಫೀಸಿನ್ದ ಇರಬೇಕಿದು. ಹೋದ ತಿಂಗಳಿಂದ ಈ ಊರಾಗ ಇದ ತ್ರಾಸು.”

ಅಣ್ಣ ಕೆಮ್ಮಿದ. “ಚಾ ಮಾಡು,” ಅಂದ.

“ಚಾ ಆಮ್ಯಾಲ ಮಾಡತೇನ್ರಿ. ಮೊದಲ ನಮ್ಮಪ್ಪಗ ಫೋನ್ ಮಾಡ್ರಿ.”

“ಏನಂತ?”

“ಅಂವ ಕೈ ಮುಗದಾನ ನಿಮಗ. ನಿಮ್ಮ ಮಗಳ ತಪ್ಪಲ್ಲ ಅಂತ ಹೇಳ್ರಿ.”

ಅಣ್ಣ ನಕ್ಕುಬಿಟ್ಟ. ಬೇರೆಯವರ ಎದುರು ಹೆಂಡತಿ ಮಾತಾಡಿದಾಗ ಗಂಡಸರು ನಗುತ್ತಾರಲ್ಲ, ಆ ನಗು. ಫೋನು ಮಾಡಲಿಲ್ಲ. ಚಹಾ ನಾನು ಮಾಡಿದೆ.

ಎಲ್ಲಾ ಅಳಿಸಿ ಹೋಯಿತು. ಸುರಂಗ, ಕೂಡಿಟ್ಟ ಗುಂಡುಗಳು, ಮೂರು ವಾರದ ಮಧ್ಯಾಹ್ನಗಳು. ಮುಂದಿನ ರವಿವಾರ ವೈನಿ ಊರಿಗೆ ಹೊರಟಳು, ನಾನೂ ಬರುತ್ತೇನೆ ಎಂದು ಬಸ್ಸು ಹತ್ತಿದೆ. ಅವರ ಮನೆಯ ಕಟ್ಟೆಯ ಮೇಲೆ ಕೂತು ಅವಳ ಅಪ್ಪನಿಗೆ ಹೇಳಿದೆ: ಸೀಡಿ ತಂದವಳು ನಾನು, ಕಂಪ್ಯೂಟರ್ ಕೆಟ್ಟದ್ದು ಅದರಿಂದಲ್ಲ, ಅಣ್ಣನ ಫ್ಲಾಪಿಯಿಂದ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

“ಆತು ಬಿಡವಾ. ಗಂಡಸರಿಗೆ ಸಿಟ್ಟು ಬರತೈತಿ. ಅದೇನ ದೊಡ್ಡ ಮಾತು?”

ವೈನಿ ಎದ್ದು ಒಳಗೆ ಹೋದಳು. ಹಿಂದಿರುಗುವ ಬಸ್ಸಿನಲ್ಲಿ ಕಿಡಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಣ್ಣಿಗೇರಿ ದಾಟಿದ ಮೇಲೆ, “ಹಸಿವ್ಯಾಗೇತೇನ?” ಎಂದು ನನ್ನನ್ನು ಕೇಳಿ, ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ದುರ್ಗದ ಬೈಲಿನ ಅಂಗಡಿಗಳನ್ನೆಲ್ಲ ತಿರುಗಿ ಅದೇ ಗೇಮಿನ ಇನ್ನೊಂದು ಸೀಡಿ ಹುಡುಕಿ ತಂದೆ. ವೈನಿ ಅದನ್ನು ಮುಟ್ಟಲಿಲ್ಲ.

“ನನ್ನ ಕೈಯಾಗ ಕೊಡಬ್ಯಾಡ. ನಿಮ್ಮಣ್ಣನ ಕೈಯಾಗ ಕೊಡು. ಮುರದಾವ್ರ ಹಾಕ್ಲಿ.”

ಕೊಟ್ಟೆ. ಆವತ್ತು ಮೊದಲ ಬಾರಿ ಅಣ್ಣನ ಎದುರು ದನಿ ಏರಿಸಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಅವ್ವ ಓಡಿ ಬಂದು ನನ್ನ ಬಾಯಿ ಮುಚ್ಚಿದ್ದು ನೆನಪಿದೆ. ಅವ್ವನ ಕೈಗೆ ಬಳ್ಳೊಳ್ಳಿಯ ವಾಸನೆ ಇತ್ತು. ಅಣ್ಣ ಸೀಡಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಮಾತು ಮುಗಿಯಿತು ಎಂಬಂತೆ ಸ್ನಾನಕ್ಕೆ ಹೋದ.

ಆ ವರ್ಷದ ಕೊನೆಗೆ ವೈನಿ ಕೇಶ್ವಾಪುರದ ಒಂದು ಕ್ಲಾಸಿಗೆ ಸೇರಿದಳು, ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿಯಲು. ಅಣ್ಣ ಬೇಡವೆಂದ. ಅವಳು ವಾದ ಮಾಡಲಿಲ್ಲ, ಅಡಿಗೆ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮರುದಿನವೂ ಹಾಗೇ. ಎರಡು ವರ್ಷದೊಳಗೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ, ಲಗ್ನಪತ್ರಿಕೆ ಅಚ್ಚು ಮಾಡುವ ಸಣ್ಣ ಪ್ರೆಸ್ಸಿನಲ್ಲಿ ಕೆಲಸಕ್ಕೆ ಹತ್ತಿದಳು. ನಾನೂ ಮದುವೆಯಾಗಿ ಧಾರವಾಡಕ್ಕೆ ಹೋದೆ.

ಒಮ್ಮೆ ನನ್ನ ನೆಗೆಣ್ಣಿಯ ಮಗಳ ಲಗ್ನಪತ್ರಿಕೆ ಮಾಡಿಸಲು ಆ ಪ್ರೆಸ್ಸಿಗೆ ಹೋಗಿದ್ದೆ. ಮಧ್ಯಾಹ್ನದ ಊಟದ ಹೊತ್ತು. ಮಾಲಕರು ನಮಾಜಿಗೆ ಹೋಗಿದ್ದರು. ವೈನಿ ಒಬ್ಬಳೇ ಕೂತು ಹೆಸರುಗಳ ಕಾಗುಣಿತ ತಿದ್ದುತ್ತಿದ್ದಳು. ನಾನು ಮಾತಿಗೆ, ಈಗ ಇಂಟರ್‌ನೆಟ್ಟಿನಲ್ಲಿ ಎಲ್ಲೆಲ್ಲಿಯದೋ ಜನ ಆ ಗೇಮಿನ ಬಗ್ಗೆ ಬರೆಯುತ್ತಾರೆ, ಅಷ್ಟು ಕೆಟ್ಟದ್ದೆಂದೇ ಅದರ ಮೇಲೆ ಜೀವ ಇಟ್ಟುಕೊಂಡಿದ್ದಾರೆ, ನರ್ಸಬಾಯಿಯ ಮಾತು ಕೇಳಿ ಕೇಳಿ ನಗುತ್ತಾರೆ ಅಂದೆ. “ಅದರ ಕೊನಿ ಏನಿತ್ತೋ, ನಮಗ ಗೊತ್ತ ಆಗಲಿಲ್ಲ ನೋಡ್ರಿ,” ಅಂದೆ.

“ನನಗ ಗೊತ್ತೈತಲ್ಲ. ಮುಗಿಸೇನಿ.”

“ಯಾವಾಗ?”

“ಹ್ವಾದ ವರ್ಷ, ಚೌತಿ ಮುಂದ. ನಾನ ಕೊಂಡು ತಂದೆ. ಊಟದ ಹೊತ್ತಿನ್ಯಾಗ ದಿನಾ ಇಷ್ಟಿಷ್ಟ, ಇಲ್ಲೇ ಕುಂತು.” ಮೌಸನ್ನು ಬಿಡದೆ ಹೇಳಿದಳು. “ತಂಗಿ ಮೊದಲ ಸತ್ತಿರತಾಳ. ಆ ಡಾಕ್ಟರ ಕೊನಿಗೆ ದೋಣಿ ತಗೊಂಡು ಬಂದು, ಹತ್ತು ಅಂತಾನ. ಇಕಿ ಹತ್ತತಾಳ. ಅಷ್ಟ. ಭಾಳ ಕೆಟ್ಟ ಕೊನಿ.”

ನನಗೆ ಸಿಟ್ಟು ಬಂತು. ಒಮ್ಮೆಲೇ, ಕಿವಿ ಬಿಸಿಯಾಗುವಷ್ಟು. ಮೂರು ವಾರ ಪಕ್ಕದಲ್ಲಿ ಕೂತವಳು ನಾನು, ಇಂಗ್ಲಿಷ್ ಓದಿ ಹೇಳಿದವಳು ನಾನು. “ನನ್ನ ಕರೀಬಹುದಿತ್ತಲ್ರಿ ವೈನಿ. ಧಾರವಾಡ ಏನ ದೂರ?”

ಅವಳು ಮೊದಲ ಬಾರಿ ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ದನಿಯಲ್ಲಿ ಕಹಿ ಇರಲಿಲ್ಲ.

“ನೀ ನಕ್ಕಬಿಡತಿದ್ದಿ ನೋಡವಾ,” ಅಂದಳು.

ಆಮೇಲೆ ವರನ ತಂದೆಯ ಹೆಸರಿಗೆ ಒತ್ತಕ್ಷರ ಬರುತ್ತದೆಯೋ ಇಲ್ಲವೋ ಎಂದು ಕೇಳಿದಳು. ಬರುತ್ತದೆ ಅಂದೆ. ಕರಡು ಪ್ರತಿಯನ್ನು ಕೈಗಿಟ್ಟು, ಮನೆಯಲ್ಲಿ ಎಲ್ಲರೂ ಓದಿ ನೋಡಲಿ, ತಪ್ಪಿದ್ದರೆ ನಾಳೆಯೊಳಗೆ ತಿಳಿಸು ಅಂದಳು. ಹೊರಗೆ ಉರಿಬಿಸಿಲು. ಟಾಂಗಾ ಒಂದು ಅಡ್ಡ ನಿಂತು ಓಣಿಯೆಲ್ಲ ಕಟ್ಟಿಕೊಂಡಿತ್ತು, ಜನ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ನಾನೂ ಯಾರಿಗೋ, ಏನೂ ಕಾರಣವಿಲ್ಲದೆ, ದಾರಿ ಬಿಡ್ರಿ ಎಂದು ಗಂಟಲು ಹರಿಯುವ ಹಾಗೆ ಒದರಿದೆ.