ಚಪ್ಪಾಳೆ ತಟ್ಟಿದವನ ಮಗಳು

ರಾಯಲ್ಪಾಡಿನ ಚನ್ನರಾಯಪ್ಪನಿಗೆ ಸಿನಿಮಾ ನೋಡಿದರೆ ಅಳು ಬರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹೆತ್ತ ತಾಯಿ ಸತ್ತ ದಿನ ಒಂದು ಹನಿ ಕಣ್ಣೀರು ಹಾಕದೆ ನಿಂತು ಚಟ್ಟ ಕಟ್ಟಿಸಿದ ಮನುಷ್ಯ ಅವನು. ಆದರೆ ಶ್ರೀನಿವಾಸಪುರದ ಟಾಕೀಸಿನಲ್ಲಿ ಪರದೆಯ ಮೇಲೆ ಯಾವುದೋ ಮುದುಕಿ ಮಗನಿಗಾಗಿ ಬಾಗಿಲಲ್ಲಿ ಕಾದು ಕುಳಿತರೆ ಸಾಕು, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದ. ಜೊತೆಗೆ ಹೋದವರು ಮಾರನೆಯ ದಿನ ಟೀ ಅಂಗಡಿಯಲ್ಲಿ ಅದನ್ನೇ ಆಡಿಕೊಂಡು ನಗುತ್ತಿದ್ದರು. ಅವನ ಮಗಳು ಮಾನಸ ಮಾತ್ರ ನಗುತ್ತಿರಲಿಲ್ಲ. ಅಪ್ಪನ ಆ ಅಳುವನ್ನು ಅವಳು ದೇವರನ್ನು ನಂಬಿದಂತೆ ನಂಬಿದ್ದಳು.

ಒಬ್ಬಳೇ ಮಗಳು. ಮಾವಿನಕಾಯಿ ಕಿತ್ತು ಲಾರಿಗೆ ಹಾಕಿ ಮುಗಿದ ಮೇಲೆ ಚನ್ನರಾಯಪ್ಪನಿಗೆ ಕೈ ಖಾಲಿಯಾಗುತ್ತಿತ್ತು. ಆಗ ಅವಳನ್ನು ಟಿವಿಎಸ್ ಗಾಡಿಯ ಹಿಂದೆ ಕೂರಿಸಿಕೊಂಡು ಹೊಸ ಸಿನಿಮಾಕ್ಕೆ ಹೊರಡುತ್ತಿದ್ದ. ತೆಲುಗೋ ಕನ್ನಡವೋ, ಅವರಿಬ್ಬರಿಗೆ ಎರಡೂ ಒಂದೇ. ತಾಯಿ ಬೈರಮ್ಮ ಮಾತ್ರ, "ಆ ಕತ್ತಲಾಗೆ ಕೂತ್ರೆ ನಂಗೆ ತಲೆನೋವು ಬರುತ್ತೆ, ನೀವೇ ಹೋಗ್ಬನ್ನಿ" ಎಂದು ಹುರಿದ ಕಡಲೆಕಾಯಿ ಬೀಜ ಕಟ್ಟಿಕೊಟ್ಟು ಕಳಿಸುತ್ತಿದ್ದಳು. ವಾಪಸು ಬರುವಾಗ ಗೌನಿಪಲ್ಲಿಯಲ್ಲಿ ಗಾಡಿ ನಿಲ್ಲಿಸಿ ಬೋಂಡ ಕೊಡಿಸುವುದು ವಾಡಿಕೆ. ಬೋಂಡ ಬಾಯಿಗೆ ಹೋಗುವ ಮೊದಲು ಒಂದು ಪ್ರಶ್ನೆ ಇರುತ್ತಿತ್ತು.

"ಏನಮ್ಮಾ ತಿಳ್ಕೊಂಡೆ ಇವತ್ತು?"

ಹಾಡು ಚೆನ್ನಾಗಿತ್ತು, ಫೈಟು ಚೆನ್ನಾಗಿತ್ತು ಎಂದರೆ ಅವನಿಗೆ ಆಗುತ್ತಿರಲಿಲ್ಲ. "ಹಾಡು ರೇಡಿಯೋದಾಗೂ ಬರ್ತದೆ. ಸಿನಿಮಾ ನೋಡಿದ್ಮೇಲೆ ತಲೆಯೊಳಗೆ ಏನೋ ಕೊರೀಬೇಕು ಕಣಮ್ಮಾ. ಇಲ್ಲಾಂದ್ರೆ ಹೋಗಿದ್ದು ದಂಡ" ಎನ್ನುತ್ತಿದ್ದ. ಹಾಗಾಗಿ ಮಾನಸ ಚಿಕ್ಕಂದಿನಿಂದಲೂ ಸಿನಿಮಾವನ್ನು ಪಾಠದ ಹಾಗೆ ನೋಡುವುದನ್ನು ಕಲಿತಳು. ಯಾರು ಸರಿ, ಯಾರು ತಪ್ಪು, ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸುತ್ತಿದ್ದಳು. ಸ್ಕೂಲಿನ ಪಾಠಗಳು ಎಷ್ಟೋ ಮರೆತುಹೋದವು. ಗೌನಿಪಲ್ಲಿಯ ಬೋಂಡದ ಅಂಗಡಿಯ ಪಾಠಗಳು ಮರೆಯಲಿಲ್ಲ.

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಸಿನಿಮಾ ಬಂತು. ಊರ ಗೌಡನ ಮಗಳು ಊರಾಚೆಯ ಕೇರಿಯ ಮೇಷ್ಟ್ರನ್ನು ಮದುವೆಯಾಗುತ್ತಾಳೆ. ಗೌಡ ಮಗಳು ಸತ್ತಳೆಂದು ಸಾರಿ ತಲೆಗೆ ನೀರು ಹಾಕಿಕೊಳ್ಳುತ್ತಾನೆ. ವರ್ಷಗಳು ಕಳೆದು, ಕೊನೆಗೊಂದು ದಿನ ಅದೇ ಗೌಡ ಆ ಕೇರಿಗೆ ನಡೆದು ಬರುತ್ತಾನೆ. ಮಗಳ ಮನೆ ಮುಂದೆ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಹೋಗಿ, ನೆಲದ ಮೇಲೆ ಕುಳಿತು, "ಹಸಿವಾಗಿದೆ, ಬಡಿಸಮ್ಮ" ಎನ್ನುತ್ತಾನೆ. ಅಷ್ಟೆ. ಟಾಕೀಸಿನಲ್ಲಿ ಯಾರೋ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟತೊಡಗಿದರು. ಮಾನಸ ತಲೆಯೆತ್ತಿ ನೋಡಿದರೆ ಅವಳ ಅಪ್ಪನೇ! ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

ಆವತ್ತು ಬೋಂಡದ ಅಂಗಡಿಯಲ್ಲಿ ಅವನೇ ಮಾತಾಡಿದ. "ಗಂಡಸು ಅಂದ್ರೆ ಅವನಮ್ಮಾ. ತಪ್ಪು ಅಂತ ಗೊತ್ತಾದಾಗ ಚಪ್ಪಲಿ ಬಿಟ್ಟು ಒಳಕ್ಕೆ ಹೋದ್ನಲ್ಲ, ಅದಕ್ಕೆ ಎಷ್ಟು ಧೈರ್ಯ ಬೇಕು ಗೊತ್ತಾ?"

ಅವರ ತೋಟಕ್ಕೆ ಟೊಮೆಟೊ ಬಿಡಿಸಲು ಊರಾಚೆಯ ಕಾಲೋನಿಯಿಂದ ಮುನಿಯಲ್ಲಮ್ಮ ಬರುತ್ತಿದ್ದಳು. ಅವಳಿಗೆ ನೀರು ಕೊಡುವುದೆಂದರೆ ಬೊಗಸೆಗೆ ಮೇಲಿನಿಂದ ಹುಯ್ಯುವುದು. ಹುಟ್ಟಿದಾಗಿನಿಂದ ನೋಡಿದ್ದರಿಂದ ಮಾನಸಳಿಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಆ ಸಿನಿಮಾ ನೋಡಿದ ವಾರ ಅವಳು ಮುನಿಯಲ್ಲಮ್ಮನಿಗೆ ಮನೆಯ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟಳು. ಚನ್ನರಾಯಪ್ಪ ನೋಡಿದ, ಏನೂ ಅನ್ನಲಿಲ್ಲ. ಮಾನಸಳಿಗೆ ಹಿಗ್ಗಾಯಿತು. ಮಾರನೆಯ ದಿನ ಆ ಲೋಟ ದನದ ಕೊಟ್ಟಿಗೆಯ ಗೂಡಿನಲ್ಲಿತ್ತು. ಅಮ್ಮ ಇಟ್ಟಿರಬೇಕು ಅಂದುಕೊಂಡಳು. ಎಷ್ಟಾದರೂ ಅಮ್ಮ ಸಿನಿಮಾ ನೋಡಿದವಳಲ್ಲವಲ್ಲ.

ಪಿಯುಸಿ ಮುಗಿದ ಮೇಲೆ ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತು. ಮುಳಬಾಗಿಲಿನ ಸಾದಿಯಾ ಜೊತೆ ಒಂದು ರೂಮು ಹಿಡಿದಳು. ಶಿಫ್ಟಿಗೆ ಕರೆದೊಯ್ಯುವ ಕಂಪನಿ ಬಸ್ಸಿನಲ್ಲಿ ಉಮೇಶನ ಪರಿಚಯವಾಯಿತು. ಮಾಲೂರಿನ ಕಡೆಯ ಹುಡುಗ, ಮಾತು ಕಡಿಮೆ. ಬಸ್ಸಿನಲ್ಲಿ ಅವನ ಫೋನಿನಲ್ಲಿ ಸಿನಿಮಾ ನೋಡುವುದು, ಇಯರ್‌ಫೋನಿನ ಒಂದು ತುದಿ ಅವನಿಗೆ, ಇನ್ನೊಂದು ತುದಿ ಇವಳಿಗೆ. ಇವಳ ಕಣ್ಣು ತುಂಬುವ ಜಾಗದಲ್ಲಿ ಅವನು ಕಿಟಕಿಯಾಚೆ ನೋಡುತ್ತಿದ್ದ.

"ನಿಮಗೆ ಏನೂ ಅನ್ಸಲ್ವಾ?" ಎಂದು ಒಂದು ದಿನ ಕೇಳಿದಳು.

"ಅನ್ಸುತ್ತೆ. ಆದ್ರೆ ನಮ್ಮನೆ ಇರೋದು ಕಾಲೋನೀಲಿ ಕಣ್ರೀ. ಕೊನೇಲಿ ಯಾರೂ ಹಂಗೆ ಬರಲ್ಲ ಅಂತ ನಂಗೊತ್ತು."

"ನಮ್ಮ ನಾಯ್ನಾನ ನೀವು ನೋಡಿಲ್ಲ" ಎಂದಳು ಮಾನಸ. ಅಪ್ಪನ ಬಗ್ಗೆ ಹೆಮ್ಮೆಯಿಂದಲೇ ಹೇಳಿದಳು.

ಎರಡು ವರ್ಷ ಕಳೆದ ಮೇಲೆ, ಮಾವಿನ ಸುಗ್ಗಿಯಲ್ಲಿ ಊರಿಗೆ ಹೋದವಳು ನೇರ ತೋಪಿಗೇ ನಡೆದಳು. ಚನ್ನರಾಯಪ್ಪ ಮರದ ಕೆಳಗೆ ಕುಳಿತು ಕಾಯಿ ವಿಂಗಡಿಸುತ್ತಿದ್ದ. ಸಾದಿಯಾ, "ಮೊದ್ಲು ಅಮ್ಮಂಗೆ ಹೇಳೇ" ಎಂದು ಬುದ್ಧಿ ಹೇಳಿದ್ದಳು. ಮಾನಸಳಿಗೆ ಅದರ ಅಗತ್ಯ ಕಾಣಲಿಲ್ಲ. ಪಕ್ಕದಲ್ಲಿ ಕುಳಿತು ತಾನೂ ಕಾಯಿ ವಿಂಗಡಿಸುತ್ತ ಉಮೇಶನನ್ನು ಮದುವೆಯಾಗಬೇಕೆಂದಿರುವುದನ್ನೆಲ್ಲ ಹೇಳಿದಳು. ಅವನು ಕೈ ನಿಲ್ಲಿಸದೆ ಕೇಳಿಸಿಕೊಂಡ.

"ಯಾವೂರು ಅಂದೆ?"

ಊರಿನ ಹೆಸರು ಹೇಳಿದಳು.

"ಊರೊಳಗಾ? ಕಾಲೋನೀನಾ?"

"ಕಾಲೋನಿ ನಾಯ್ನಾ."

ಅವನು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಎದ್ದ. "ಬ್ಯಾಗು ತಗೊಂಡು ಹೊರಡು. ಸಾಯಂಕಾಲದ ಬಸ್ಸು ಸಿಗುತ್ತೆ."

ಮಾನಸ ನಕ್ಕಳು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದೇ ತಿಳಿದಳು. "ನಾಯ್ನಾ, ಆ ಗೌಡ ಚಪ್ಪಲಿ ಬಿಟ್ಟು ಒಳಗೆ ಹೋದಾಗ ನೀನೇ ಅಲ್ವಾ ಎದ್ದು ಚಪ್ಪಾಳೆ ತಟ್ಟಿದ್ದು?"

ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ತೋಪಿನ ಆ ಕೊನೆಗೆ ನಡೆದುಹೋಗಿ, ಅವಳು ಬಸ್ಸು ಹತ್ತುವವರೆಗೂ ಈ ಕಡೆ ತಿರುಗಲಿಲ್ಲ. ಬೈರಮ್ಮ ಬಸ್ ಸ್ಟಾಪಿನವರೆಗೆ ಓಡಿ ಬಂದಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ನಾಲ್ಕು ಹಣ್ಣು ಮಗಳ ಬ್ಯಾಗಿಗೆ ತುಂಬಿ, "ಏನೇ ಮಾಡ್ಕೊಂಡೆ ಮುಂಡೇದೇ" ಎಂದು ಅತ್ತಳು. ಆ ಬಸ್ಸಿನಲ್ಲಿ ಮಾನಸಳಿಗೆ ಕೊಟ್ಟಿಗೆಯ ಗೂಡಿನಲ್ಲಿದ್ದ ಲೋಟ ನೆನಪಾಯಿತು. ಅದನ್ನು ಅಲ್ಲಿಟ್ಟದ್ದು ಅಮ್ಮನಲ್ಲ ಎಂದು ಆಗ ಹೊಳೆಯಿತು.

ಮಾಲೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಅವಳ ಕಡೆಯಿಂದ ಸಾಕ್ಷಿ ಹಾಕಿದವಳು ಸಾದಿಯಾ. ಉಮೇಶನ ತಾಯಿ ತನ್ನ ಕಿವಿಯ ಓಲೆಯನ್ನೇ ಬಿಚ್ಚಿ ಸೊಸೆಗೆ ಹಾಕಿದರು. ಮಾನಸ ಮಾತ್ರ ಮತ್ತೆಮತ್ತೆ ಬಾಗಿಲ ಕಡೆಗೆ ನೋಡುತ್ತಿದ್ದಳು. ಸಿನಿಮಾದಲ್ಲಿ ಇಂಥ ಹೊತ್ತಿಗೆ ಒಂದು ಆಟೋ ಬಂದು ನಿಲ್ಲುತ್ತದೆ. ಮುಂದಿನ ಜೋಡಿಯನ್ನು ಕೂಗಿದಾಗ, ಜಾಗ ಬಿಡಬೇಕಾಗಿ ಬಂದಾಗ, ಅವಳು ಎದ್ದಳು.

ಮಗಳು ಇಂಚರ ಹುಟ್ಟಿದಳು. ಬೈರಮ್ಮ ಹಿಪ್ಪುನೇರಳೆ ತೋಟದ ಕಡೆ ಹೋದಾಗ ಕದ್ದು ಫೋನು ಮಾಡುತ್ತಿದ್ದಳು. ಮೊಮ್ಮಗಳನ್ನು ಅವಳು ಕಂಡದ್ದು ಆ ಪುಟ್ಟ ಪರದೆಯಲ್ಲಿ ಮಾತ್ರ. "ಮೂಗು ನಿಮ್ಮಪ್ಪಂದೇ ಕಣೇ" ಎಂದು ಒಮ್ಮೆ ಅಂದವಳು, ಅಂದದ್ದಕ್ಕೆ ತಾನೇ ನೊಂದು ಬೇರೆ ಮಾತು ತೆಗೆದಳು.

ಇಂಚರಳಿಗೆ ಐದು ತುಂಬಿದ ವರ್ಷ ಕೋಲಾರಕ್ಕೆ ಒಂದು ಸಿನಿಮಾ ಬಂತು. ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಸಾದಿಯಾ ನೋಡಿ ಬಂದು, "ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ನೀನು ನೋಡ್ಲೇಬೇಕು. ಅಥ್ವಾ ನೋಡ್ಲೇಬಾರ್ದು. ನಂಗೇ ಗೊತ್ತಾಗ್ತಿಲ್ಲ" ಎಂದಳು. ವಾರದ ರಜೆಯ ದಿನ ಮಾನಸ, ಉಮೇಶ, ಇಂಚರ ಮೂವರೂ ಮ್ಯಾಟಿನಿಗೆ ಹೋದರು.

ಅದರಲ್ಲೂ ಜಾತಿ ಬಿಟ್ಟು ಮದುವೆಯಾದ ಮಗಳು, ದೂರವಿಟ್ಟ ಅಪ್ಪ. ಕೊನೆಯಲ್ಲಿ ಅಪ್ಪ ಮನಸ್ಸು ಬದಲಾಯಿಸಿ, ಮಗಳ ವಿಳಾಸ ಹುಡುಕಿಕೊಂಡು ಬರುತ್ತಾನೆ. ಬಾಗಿಲಿಗೆ ಬೀಗ. ಜನರ ಕಾಟ ತಾಳದೆ ಆ ಸಂಸಾರ ಎಲ್ಲಿಗೋ ಹೊರಟುಹೋಗಿದೆ. ಎಲ್ಲಿಗೆಂದು ಯಾರಿಗೂ ತಿಳಿಯದು. ಅಪ್ಪ ಆ ಮೆಟ್ಟಿಲ ಮೇಲೆ ಕುಳಿತುಬಿಡುತ್ತಾನೆ. ಥಿಯೇಟರಿನಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಆಗ ಮುಂದಿನ ಸಾಲುಗಳಿಂದ ಒಂದು ಬಿಕ್ಕು ಕೇಳಿಸಿತು. ಬಟ್ಟೆಗೆ ಬಾಯಿ ಒತ್ತಿ ತಡೆದ ಬಿಕ್ಕು.

ಮಾನಸ ಸೀಟಿನಲ್ಲಿ ಮುಂದಕ್ಕೆ ಬಾಗಿದಳು. ನೂರು ಜನ ಒಟ್ಟಿಗೆ ಅತ್ತರೂ ಆ ಒಂದು ಅಳುವನ್ನು ಅವಳು ಗುರುತು ಹಿಡಿಯಬಲ್ಲಳು.

ದೀಪ ಹತ್ತಿತು. ಚನ್ನರಾಯಪ್ಪ ಎದ್ದು ತಿರುಗಿದ. ಎಷ್ಟು ಬೆಳ್ಳಗಾಗಿದೆ ತಲೆ! ಕಣ್ಣು ಕೆಂಪಗೆ, ಒದ್ದೆ. ನೋಟ ಜನರ ಮೇಲೆ ಹಾಯುತ್ತ ಬಂದು ಅವಳ ಮೇಲೆ ನಿಂತಿತು. ಆಮೇಲೆ ಉಮೇಶನ ಮೇಲೆ, ಅವನ ಹೆಗಲ ಮೇಲೆ ತಲೆಯಿಟ್ಟಿದ್ದ ಇಂಚರಳ ಮೇಲೆ. ಈಗ ಬರುತ್ತಾನೆ ಎಂದುಕೊಂಡಳು ಮಾನಸ. ಈಗ ಬಾರದೆ ಇನ್ಯಾವಾಗ? ಕೆನ್ನೆಯ ನೀರು ಇನ್ನೂ ಆರಿಲ್ಲ. ಚನ್ನರಾಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಅದನ್ನು ಹೆಗಲಿಗೆ ಹಾಕಿಕೊಂಡ, ಪಕ್ಕದ ಬಾಗಿಲಿನಿಂದ ಹೊರಗೆ ನಡೆದ.

ಅವಳು ಓಡಿದಳು. ಗೇಟಿನ ಹತ್ತಿರ ಬಿಸಿಲಿನಲ್ಲಿ ಅವನನ್ನು ಹಿಡಿದಳು.

"ನಾಯ್ನಾ."

ನಿಂತ. ಮುಖ ಕೊಡಲಿಲ್ಲ. "ಮಾರ್ಕೆಟ್ಟಿಗೆ ಟೊಮೆಟೊ ತಂದಿದ್ದೆ" ಎಂದ, ಯಾರೋ ಕೇಳಿದ ಹಾಗೆ.

"ಅಮ್ಮ ಹೆಂಗಿದಾಳೆ?"

"ಇದಾಳೆ."

"ಇಂಚರ ಅಲ್ಲೇ ಇದಾಳೆ ನೋಡು. ಎತ್ಕೋಬೇಡ, ಮಾತಾಡಿಸ್ಬೇಡ. ಹತ್ರದಿಂದ ಒಂದ್ಸಲ ನೋಡು, ಸಾಕು."

ಉಮೇಶ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಬಳಿಯೇ ನಿಂತಿದ್ದ. ಚನ್ನರಾಯಪ್ಪ ಅತ್ತ ನೋಡಿದ.

"ಒಳಗೆ ಆ ಅಪ್ಪನ್ನ ನೋಡಿ ಅತ್ಯಲ್ಲ ನಾಯ್ನಾ. ನಾನು ಬೀಗ ಹಾಕ್ಕೊಂಡು ಎಲ್ಲಿಗೂ ಹೋಗಿಲ್ಲ. ಇಲ್ಲೇ ಇದೀನಿ. ನಿನ್ನ ಮುಂದೆ ನಿಂತಿದೀನಿ."

"ಅದು ಸಿನಿಮಾ ಕಣಮ್ಮಾ" ಎಂದ. ದನಿ ಒಡೆದಿತ್ತು. "ಸಿನಿಮಾ ಮುಗಿದ್ಮೇಲೆ ಆ ಅಪ್ಪ ಊರಿಗೆ ಹೋಗಿ ನಾಲ್ಕು ಜನರ ಮಧ್ಯೆ ಬದುಕಬೇಕಾಗಿಲ್ಲ. ನಾನು ಹೋಗ್ಬೇಕು."

"ನನ್ನ ಬಿಟ್ಟು ಬದುಕ್ತಿದೀಯಲ್ಲ, ಅದು ಬದುಕಾ?"

ಅವನು ಅವಳ ತಲೆಯ ಮೇಲೆ ಕೈ ಇಡುವವನಂತೆ ಕೈ ಎತ್ತಿದ. ಅಷ್ಟರಲ್ಲಿ ಜನ ಗೇಟಿನ ಕಡೆಗೆ ಬರತೊಡಗಿದರು. ಎತ್ತಿದ ಕೈಯಿಂದ ಹೆಗಲ ಟವೆಲ್ಲನ್ನು ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಉಮೇಶ ಹತ್ತಿರ ಬಂದು ಮಗುವನ್ನು ಕೆಳಗಿಳಿಸಿದ. ಕೊನೆಯಲ್ಲಿ ಯಾರೂ ಬರುವುದಿಲ್ಲ ಎಂದು ತಾನು ಹಿಂದೆ ಹೇಳಿದ್ದನ್ನು ಅವನು ಆವತ್ತೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ. ಆ ಮೌನಕ್ಕೆ ಮಾನಸ ಬದುಕಿಡೀ ಋಣಿಯಾದಳು. ಇಂಚರ ಮಾತ್ರ, "ಅಮ್ಮಾ, ಆ ತಾತ ಯಾಕೆ ಅಳ್ತಿದ್ರು?" ಎಂದು ಕೇಳಿದಳು. ಮಾನಸ ಮಗುವಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಡೆದಳು.

ಆದರೂ ಆಸೆ ಸಾಯಲಿಲ್ಲ. ಅಪ್ಪ ಮಗುವಿನ ಕಡೆ ನೋಡಿದ್ದ, ಕೈ ಮೇಲೆತ್ತಿದ್ದ. ತಲೆಯೊಳಗೆ ಏನೋ ಕೊರೆಯುತ್ತಿರಲೇಬೇಕು. ಫೋನು ಸದ್ದು ಮಾಡಿದಾಗಲೆಲ್ಲ ಅವಳು ಓಡಿಹೋಗಿ ಯಾರೆಂದು ನೋಡುತ್ತಿದ್ದಳು. ಮಾವು ಹೂ ಬಿಡುವ ಕಾಲಕ್ಕೆ, ಬೆಳಗಿನ ಶಿಫ್ಟಿಗೆ ಬಸ್ಸು ಕಾಯುತ್ತಿದ್ದಾಗ, ಬೈರಮ್ಮನ ಫೋನು ಬಂತು. ಹೂವಿನ ಸುದ್ದಿ, ಎಮ್ಮೆ ಕರು ಹಾಕಿದ ಸುದ್ದಿ ಹೇಳಿ ಆಮೇಲೆ ಅಂದಳು:

"ನಿಮ್ಮಪ್ಪಂಗೆ ಏನಾಗಿದೆಯೋ ಕಣೇ. ಸಿನಿಮಾನೇ ಬಿಟ್ಬಿಟ್ಟ. ಪಕ್ಕದ್ಮನೆ ಗಂಗಾಧರ್ ಬಂದು ಹೊಸ ಪಿಚ್ಚರ್ ಬಂದೈತೆ ಬಾರಣ್ಣ ಅಂತ ಕರೆದ್ರೂ ಹೋಗ್ಲಿಲ್ಲ. ಮನೇಲಿ ಟಿವಿ ಹಾಕಿದ್ರೂ ಎದ್ದು ಆಚೆ ಹೋಗಿ ಕೂತ್ಕೊಂತಾನೆ. ಕೇಳಿದ್ರೆ, ಅದನ್ನೆಲ್ಲ ನೋಡ್ಬಾರ್ದು, ಮನಸ್ಸು ಕೆಡುತ್ತೆ ಅಂತಾನೆ."

ಕೋಲಾರದಲ್ಲಿ ನಡೆದದ್ದು ಬೈರಮ್ಮನಿಗೆ ಗೊತ್ತಿರಲಿಲ್ಲ. ಅವನೂ ಹೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

"ಏನಮ್ಮಾ, ಕೇಳಿಸ್ತಾ?"

"ಕೇಳಿಸ್ತಮ್ಮ. ಬಸ್ಸು ಬಂತು, ಆಮೇಲೆ ಮಾಡ್ತೀನಿ."

ಬಸ್ಸು ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸಾದಿಯಾ ಅವಳ ಮುಖ ನೋಡಿ, "ಯಾರಿಗೇನಾಯ್ತೇ?" ಎಂದು ಗಾಬರಿಯಾದಳು.

"ನಮ್ಮ ನಾಯ್ನಾ ಸಿನಿಮಾ ನೋಡೋದು ಬಿಟ್ನಂತೆ."

"ಅಷ್ಟೇನಾ? ನಾನು ಇನ್ನೇನೋ ಅಂದ್ಕೊಂಡೆ."

"ಅಷ್ಟೇ ಕಣೇ" ಎಂದಳು ಮಾನಸ. "ನನ್ನನ್ನ ಮನೆಗೆ ಕರೆಯೋದಕ್ಕಿಂತ ಸಿನಿಮಾ ನೋಡಿ ಅಳೋದನ್ನ ಬಿಡೋದೇ ಅವನಿಗೆ ಸುಲಭ ಆಯ್ತು."

ಸಾದಿಯಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ದುಪಟ್ಟದ ತುದಿಯಿಂದ ಗೆಳತಿಯ ಕಣ್ಣು ಒರೆಸಿ, ಬಸ್ಸು ಬಂದಾಗ ಕೈ ಹಿಡಿದು ಹತ್ತಿಸಿ, ಕಿಟಕಿಯ ಪಕ್ಕದ ಸೀಟು ಅವಳಿಗೆ ಬಿಟ್ಟುಕೊಟ್ಟಳು.