ಮಾವನ ದನಿ ಕಲಿತ ಸಿಂಥಸೈಜರ್

ಇದನ್ನು ಬರೆಯಬೇಕೆಂದು ಕುಳಿತು, ಕೈಯಲ್ಲಿನ ಚಹಾ ಆರಿದ ಮೇಲೆ ಹಾಗೇ ಎದ್ದುಹೋದದ್ದು ಎಷ್ಟು ಸಲವೋ. ಪ್ರತಿ ಸಲವೂ ಏನಾದರೊಂದು ನೆವ ಸಿಗುತ್ತಿತ್ತು. ಈಗ ನೆವಗಳೂ ಮುಗಿದಿವೆ.

ಎಂಬತ್ತರ ದಶಕದ ನಡುವಿನ ಮಾತು. ಹೈಸ್ಕೂಲು ಮುಗಿಸಿ ಬೇರೆ ಕೆಲಸ ಸಿಗದ ನಾನು ದಾಂಡೇಲಿಯ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಬೇಸ್ ಗಿಟಾರಿನವನು ಬಿಟ್ಟುಹೋದಾಗ ಮಾಲೀಕರು ಗೋವಾದ ಹೋಟೆಲ್ ಬ್ಯಾಂಡೊಂದರಿಂದ ಹಳೆಯ ಸಿಂಥಸೈಜರ್ ತಂದರು. ಇನ್ನು ಮೇಲೆ ಬೇಸ್ ಅದರಿಂದಲೇ ಬರಬೇಕು, ನುಡಿಸುವವನು ನಾನು. ಹಳಿಯಾಳದ ಮೊದಲ ಕಾರ್ಯಕ್ರಮದಲ್ಲೇ ಮಾನ ಹೋಯಿತು. ಕಂಬಕ್ಕೆ ಕಟ್ಟಿದ ಭೋಂಗಾ ಸ್ಪೀಕರುಗಳು ಕೆಳಗಿನ ಸ್ವರಗಳನ್ನು ಹೊರಗೆ ಬಿಡಲೇ ಇಲ್ಲ. ಬರೀ ಗುರುಗುರು.

"ಏನ್ಲೇ ಅದು? ಕೆಸರಾಗ ಎಮ್ಮಿ ಉಳ್ಳ್ಯಾಡಿದಂಗ ಕೇಳ್ತೈತಿ," ಎಂದರು ಮಾಲೀಕರು, ಸಾಮಾನನ್ನು ಟೆಂಪೋಕ್ಕೆ ಏರಿಸುವಾಗ. "ಅಂಬೇವಾಡಿ ಗಣಪತಿ ಹಬ್ಬದಾಗೂ ಹಿಂಗ ಆದ್ರ ಪೆಟಗಿ ಗೋವಾಕ್ಕ, ನೀ ಮನಿಗೆ."

ಅಂದಿನಿಂದ ರಾತ್ರಿಯೆಲ್ಲ ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸುತ್ತ ಕುಳಿತೆ.

ಅಂಬೇವಾಡಿಯಲ್ಲೇ ನನ್ನ ಅಕ್ಕನ ಮನೆ. ಅಕ್ಕನ ಗಂಡನನ್ನು ನಾವು ಮಾವ ಎನ್ನುತ್ತಿದ್ದೆವು. ಪೇಪರ್ ಮಿಲ್ಲಿನಲ್ಲಿ ದುಡಿದ ಗಟ್ಟಿ ಆಳು. ಲಕ್ವಾ ಹೊಡೆದು ಬಾಯಿ ಒಂದು ಕಡೆ ಜೋತು, ಮಾತು ನಿಂತಿತ್ತು. ಹುಬ್ಬಳ್ಳಿಯ ಡಾಕ್ಟರು ಹೇಳಿದಂತೆ ಅಕ್ಕ ಸಂಜೆ ಬಾಗಿಲು ಹಾಕಿಕೊಂಡು, ಅವರ ಎದುರು ಕುಳಿತು, ಮಗುವಿಗೆ ಕಲಿಸುವಂತೆ ಸ್ವರ ಹೇಳಿಸುತ್ತಿದ್ದಳು. ಆ. ಓ. ಊ. ತಿಂಗಳುಗಟ್ಟಲೆ ಕುಳಿತ ಮೇಲೆ ಮಾವನ ಗಂಟಲಿನಿಂದ ದನಿ ಹೊರಟಿತ್ತು.

"ಹೊರಗ ಯಾರ ಮುಂದೂ ಅನಬ್ಯಾಡ ತಮ್ಮಾ," ಎಂದಿದ್ದಳು. "ಯಾರರ ನಕ್ರಂದ್ರ ಇವ್ರು ಬಾಯಿ ಮುಚ್ಚಿಬಿಡ್ತಾರ. ಮತ್ತ ತಗಿಸೂದು ನನ್ನ ಕೈಲೆ ಆಗೂದುಲ್ಲ."

ಒಂದು ಸಂಜೆ ಅಡುಗೆಮನೆಯಲ್ಲಿ ಕುಳಿತಿದ್ದೆ. ಮುಚ್ಚಿದ ಬಾಗಿಲಿನಾಚೆ ಮಾವನ ದನಿ. ಕೆಳಗಿನ, ಭಾರದ ದನಿ. ಆದರೂ ಯಾವುದು ಆ, ಯಾವುದು ಓ ಎಂಬುದು ಸ್ಪಷ್ಟವಾಗಿ ಕೇಳುತ್ತಿತ್ತು. ಬಾಗಿಲು ದಾಟಿ ಬರುತ್ತಿದ್ದದ್ದು ಬಾಯಿಯ ಆಕಾರ. ನಾನೂ ಬಾಯಿ ತೆರೆದು, ದನಿ ಹೊರಡಿಸದೆ, ಕೆನ್ನೆಯನ್ನು ಬೆರಳಿನಿಂದ ಚಿಮ್ಮಿ ನೋಡಿದೆ. ಆ ಎಂಬಲ್ಲಿ ಒಂದು ಶ್ರುತಿ, ಊ ಎಂಬಲ್ಲಿ ಇನ್ನೊಂದು. ಪಿಸುಗುಟ್ಟಿದರೆ ಅದರ ಮೇಲೆ ಮತ್ತೊಂದು. ಒಂದೊಂದು ಸ್ವರಕ್ಕೂ ದನಿ ಏಳುವ ಜಾಗ ಎರಡೆರಡು.

ಸಿಂಥಸೈಜರಿನಲ್ಲಿ ದನಿ ಸೋಸುವ ಫಿಲ್ಟರ್ ಎತ್ತಿ ತೋರಿಸುತ್ತಿದ್ದದ್ದು ಒಂದೇ ಜಾಗ. ಅದಕ್ಕೇ ಅದು ಬರೀ ಗುರುಗುಟ್ಟುತ್ತಿತ್ತು. ನಮ್ಮ ಲೀಡ್ ಗಿಟಾರಿನವನ ವಾ ಪೆಡಲನ್ನು, ಕಾಲಿನಿಂದ ಒತ್ತಿ ದನಿ ತಿರುಗಿಸುವ ಹಲಗೆಯನ್ನು, ನಡುವೆ ಜೋಡಿಸಿ ಎರಡನೆಯ ಜಾಗವನ್ನೂ ಎತ್ತಿದೆ. ಎರಡರ ನಡುವಿನ ಗುಂಯ್ ಎನ್ನುವುದನ್ನು ತಗ್ಗಿಸಿದಷ್ಟೂ ಸ್ವರ ತಿಳಿಯಾಯಿತು. ಪೆಟ್ಟಿಗೆ 'ಆ' ಎಂದಿತು. ಭೋಂಗಾ ಬೇಸನ್ನು ನುಂಗಿದರೂ ಆ 'ಆ' ಹೊರಗೆ ಬರುತ್ತಿತ್ತು, ಉಳಿದದ್ದನ್ನು ಕಿವಿಯೇ ತುಂಬಿಕೊಳ್ಳುತ್ತಿತ್ತು.

"ಬಾಯಿ ಬಂತು ಖರೆ," ಎಂದರು ಮಾಲೀಕರು, "ಆದ್ರ ಹೆಣದ ಬಾಯಿ. ಜೀವ ಹಾಕಲೇ."

ಜೀವ ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಮಾವ ಊ ಎಂದು ಶುರುಮಾಡಿ, ನಡುವೆ ಸಿಕ್ಕಿಕೊಂಡು, ಜಗ್ಗಿ, ಒಮ್ಮೆಲೇ ಆ ಎಂದು ತೆರೆದು ಪಕ್ಕಕ್ಕೆ ಜಾರುತ್ತಿದ್ದರು. ಅದನ್ನೇ ಫಿಲ್ಟರಿನ ಗುಂಡಿಯ ಮೇಲೆ ಕೈ, ಪೆಡಲಿನ ಮೇಲೆ ಕಾಲು ಇಟ್ಟು ಕಲಿತೆ. ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. "ಯಾರ ಬಾಯಲೇ ಇದು?" ಎಂದು ಮಾಲೀಕರು ಕೇಳಿದಾಗ ನಾನೂ ನಕ್ಕೆ.

ಹಬ್ಬ ಹತ್ತಿರ ಬಂತು. ಅಕ್ಕನ ಗೋಡೆಗೆ ಗೋಡೆ ಹತ್ತಿದ ಮನೆಗಳು. ಆ ದನಿ ಅಲ್ಲಿಯವರಿಗೆ ಗೊತ್ತು. ಅಕ್ಕ, ಮಾವ ಬರುವವರೇ. ಪೆಡಲಿನಿಂದ ಕಾಲು ತೆಗೆದರೆ ಸಾಕು, ಬರೀ 'ಆ' ಉಳಿಯುತ್ತಿತ್ತು, ಮಾವನದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ತೆಗೆಯುತ್ತೇನೆ ಎಂದುಕೊಂಡೇ ವೇದಿಕೆ ಹತ್ತಿದೆ.

ಮಾವ ಮುಂದಿನ ಸಾಲಿನ ಕುರ್ಚಿಯಲ್ಲಿದ್ದರು, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಬಿಳಿ ಟೋಪಿ. ಪಕ್ಕದಲ್ಲಿ ಅಕ್ಕ. ಹಾಡು ಶುರುವಾಯಿತು. ಮಾಲೀಕರು ನನ್ನತ್ತ ನೋಡಿದರು. ನನ್ನ ಕಾಲು ಪೆಡಲನ್ನು ಒತ್ತಿತು.

ಸ್ವರ ಕನ್ನಡಿಯಷ್ಟು ತಿಳಿಯಾಗಿ ಮೈದಾನದ ಕೊನೆಯವರೆಗೂ ಹೋಯಿತು. ಮಾವನ ಮುಖ ಅರಳಿತು. ಏನು ತಿಳಿದುಕೊಂಡರೋ, ಅದರ ಜೊತೆಗೆ ತಾವೂ ಬಾಯಿ ತೆರೆದರು.

"ಏ, ಇದು ಬಾಜೂಮನಿ ಮಾಮಾನ ದನಿ ಐತಲೋ!" ಹಿಂದಿನಿಂದ ಯಾರೋ ಕೂಗಿದರು. "ಮತ್ತೊಮ್ಮೆ ಅನಸ್ರಿ ಅವಂಗ!"

ನಗು ಎದ್ದಿತು. ಮಾಲೀಕರು ಬೆರಳೆತ್ತಿ ಮತ್ತೊಮ್ಮೆ ಎಂದರು. ನಾನು ನುಡಿಸಿದೆ.

ಮಾವನ ಬಾಯಿ ಮುಚ್ಚಿತ್ತು. ಅಕ್ಕ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಆ ಕಾರ್ಯಕ್ರಮದ ಹೆಸರಿನ ಮೇಲೆ ಮುಂಡಗೋಡದಿಂದಲೂ ಕರೆ ಬಂತು. ನನ್ನ ಜಾಗ ಗಟ್ಟಿಯಾಯಿತು. ಸ್ವಲ್ಪ ದಿನ ಬಿಟ್ಟು ಮಾವನ ಕಾಲು ಹಿಡಿದು ತಪ್ಪಾಯಿತು ಎಂದೆ. ಎಡಗೈಯಿಂದ ನನ್ನ ತಲೆ ತಟ್ಟಿದರು; ತುಟಿ ಬಿಚ್ಚಲಿಲ್ಲ. ಆಮೇಲೆ ಇದ್ದಷ್ಟು ದಿನವೂ ಬಿಚ್ಚಲಿಲ್ಲ.

ಅಂದು ಎದ್ದು ಹೊರಟಾಗ ಅಕ್ಕ, "ಚಾ ಇಟ್ಟೇನಿ, ಕುಡದು ಹೋಗು," ಎಂದಳು. ಕುಡಿದೆ. ಹೊರಗೆ ಚಪ್ಪಲಿ ಮೆಟ್ಟುವಾಗ ಹಿಂದೆ ಬಾಗಿಲು ಮುಚ್ಚಿತು, ಒಳಗಿನಿಂದ ಅಕ್ಕನ ದನಿಯೊಂದೇ ಕೇಳಿತು. ಆ. ಓ. ಊ. ನಡುನಡುವೆ ಅವಳು ನಿಲ್ಲುತ್ತಿದ್ದಳು, ಅವರು ಹೇಳಲೆಂದು.

ಮಾವನ ಕಾಲನ್ನು ಹಿಡಿದವನು ನಾನು. ಆ ಬಾಯನ್ನು ತೆರೆಸಿದ್ದವಳ ಹತ್ತಿರ ತಪ್ಪಾಯಿತೆಂಬ ಒಂದು ಮಾತೂ ಆಡಲಿಲ್ಲ. ಅವಳು ನನ್ನ ಅಕ್ಕ.