ಅಂಬುಜಾಳ ಎಡಪಕ್ಕೆಯ ನೋವು

ಅಂಬುಜಾಳ ಎಡಪಕ್ಕೆಯ ನೋವಿಗೆ ಮೂರು ವರ್ಷ ತುಂಬಿದ್ದರೂ ಮನೆಯಲ್ಲಿ ಅದನ್ನು ನಂಬಿದವರಿರಲಿಲ್ಲ. ರಾಜಾಜಿನಗರದ ಆ ವಠಾರದಲ್ಲಿ ನಾಲ್ಕು ಸಂಸಾರ, ಒಂದು ನಲ್ಲಿ, ಒಂದು ಕಕ್ಕಸು. ನೋವು ಬಂದಾಗ ಅವಳು ಒರಳುಕಲ್ಲಿನ ಮೇಲೆ ಎರಡು ನಿಮಿಷ ಬಗ್ಗಿದ್ದು, ಮತ್ತೆ ರುಬ್ಬುತ್ತಿದ್ದಳು.

"ಗ್ಯಾಸು ಕಣೇ. ಒಂಚೂರು ಓಮ ಅಗಿ," ಎನ್ನುತ್ತಿದ್ದರು ಅತ್ತೆ.

೧೯೮೬ರ ಬೇಸಿಗೆಯಲ್ಲಿ ಅವಳು ನಲ್ಲಿಯ ಬಳಿ ಕುಸಿದು ಕೂತ ಮೇಲೆ ಡಾಕ್ಟರು ಚೀಟಿ ಬರೆದರು. ರಕ್ತನಾಳಕ್ಕೆ ಡೈ ಎಂಬ ಬಣ್ಣದ ಮದ್ದು ಚುಚ್ಚಿ, ಅದು ಮೂತ್ರಪಿಂಡದಿಂದ ಇಳಿಯುವಾಗ ಎಕ್ಸ್‌ರೇ ತೆಗೆಯಬೇಕು. ಹಿಂದಿನ ದಿನ ಹರಳೆಣ್ಣೆ ಕುಡಿದು ಹೊಟ್ಟೆ ಖಾಲಿ ಮಾಡಿಕೊಂಡು ಬರಬೇಕು.

ಎಣ್ಣೆಯ ಸೀಸೆ ಹಿಡಿದು ಅಂಬುಜಾ ಯೋಚಿಸಿದಳು. ನೀರು ಬೆಳಗಿನ ಐದಕ್ಕೆ ಬಂದು ಆರಕ್ಕೆ ನಿಲ್ಲುತ್ತದೆ. ಅಷ್ಟರಲ್ಲಿ ಹನ್ನೆರಡು ಕೊಡ ಹೊರಬೇಕು. ಕಕ್ಕಸಿಗೆ ಮೊದಲು ಗಂಡಸರು, ಆಮೇಲೆ ಮಕ್ಕಳು. ಹೆಂಗಸರ ಸರದಿ ಏಳರ ಮೇಲೆ. ಹರಳೆಣ್ಣೆ ಕುಡಿದವಳು ಸರದಿಗೆ ಕಾಯಲಾದೀತೇ? ಚೆಲ್ಲಲು ಮನಸ್ಸಾಗದೆ ಅದನ್ನು ಅತ್ತೆಯ ನೆತ್ತಿಗೆ ತಟ್ಟಿದಳು.

"ಅಬ್ಬ, ಕಣ್ಣೆಲ್ಲ ತಂಪಾಯ್ತು," ಎಂದರು ಅವರು.

ಮರುದಿನ ಎಕ್ಸ್‌ರೇ ಡಾಕ್ಟರು ಪಂಚಾಕ್ಷರಿ, ಡೈ ಹಾಕುವ ಮುಂಚೆ ತೆಗೆದ ಮೊದಲ ಫಿಲಂ ನೋಡಿಯೇ ತಲೆಯಾಡಿಸಿದರು.

"ಎಣ್ಣೆ ಕುಡಿದೆ ಅಂದ್ರಲ್ಲಮ್ಮ? ಕರುಳು ತುಂಬಾ ಗ್ಯಾಸು. ಇದರಲ್ಲಿ ಮೂತ್ರಪಿಂಡ ಎಲ್ಲಿ ಕಾಣ್ಬೇಕು? ಮುಂದಿನ ವಾರ ಬನ್ನಿ."

ಬಸ್‌ಸ್ಟಾಪಿನಲ್ಲಿ ಗಂಡ ಸೇತುರಾಮ ನಕ್ಕ. "ಗ್ಯಾಸು ಅಂತ ಅಮ್ಮ ಹೇಳ್ತಾನೇ ಇರ್ಲಿಲ್ವಾ? ಈಗ ಫಿಲಂನಲ್ಲೇ ಬಂತಲ್ಲೇ! ಇನ್ನೊಂದು ರಜಾ ಹಾಕೋಕೆ ನನ್ನಿಂದಾಗಲ್ಲ."

ಮುಂದಿನ ವಾರ ಅವಳು ಹಿಂದಿನ ರಾತ್ರಿಯೇ ಮೂಗು ಹಿಡಿದು ಹೊಸ ಸೀಸೆಯ ಎಣ್ಣೆಯನ್ನೆಲ್ಲ ಕುಡಿದಳು. ಬೆಳಗಿನ ಐದಕ್ಕೆ ನಲ್ಲಿ ಸುಯ್ ಎಂದಾಗ ಕಕ್ಕಸಿನೊಳಗಿದ್ದಳು.

"ಯಾರ್ರೀ ಒಳಗೆ? ನಂಗೆ ಫಸ್ಟ್ ಶಿಫ್ಟು!" ಪಕ್ಕದ ಮನೆಯ ಬೈರಯ್ಯ ಬಾಗಿಲು ಬಡಿದ.

"ಅಂಬುಜಾ! ನೀರು ಬಂತು, ಕೊಡ ಇಡೋರ್ ಯಾರೇ?" ಅತ್ತೆಯ ದನಿ.

ಚಿಲಕದ ಮೇಲೆ ಕೈಯಿಟ್ಟು ಅವಳು ಕೂತೇ ಇದ್ದಳು. ಅವಳು ಹೊರಬರುವ ಹೊತ್ತಿಗೆ ನಲ್ಲಿ ನಿಂತಿತ್ತು. ಖಾಲಿ ಕೊಡಗಳ ಸಾಲನ್ನು ದಾಟಿ, ಒಬ್ಬಳೇ ಬಸ್ಸು ಹತ್ತಿದಳು.

"ಮೈ ಬಿಸಿಯಾಗತ್ತೆ, ಹೆದರ್ಬೇಡಿ," ಎಂದು ಪಂಚಾಕ್ಷರಿ ಸೂಜಿ ಚುಚ್ಚಿದರು. ತೋಳಿನಿಂದ ಹೊರಟ ಬಿಸಿ ಗಂಟಲಿಗೇರಿ ಹೊಟ್ಟೆಗಿಳಿಯಿತು. ಐದು ನಿಮಿಷಕ್ಕೊಂದು ಫಿಲಂ, ಹತ್ತಕ್ಕೊಂದು, ಇಪ್ಪತ್ತಕ್ಕೊಂದು. ನಡುವೆ ಅಲ್ಲಾಡದೆ ಮಲಗಿರುವುದಷ್ಟೇ ಕೆಲಸ. ಹಗಲು ಹೊತ್ತು ಬೆನ್ನು ನೆಲಕ್ಕೆ ಕೊಟ್ಟು ಎಷ್ಟು ವರ್ಷವಾಗಿತ್ತೋ, ಅವಳಿಗೆ ನೆನಪಾಗಲಿಲ್ಲ. ಯಾರೂ ಕರೆಯಲಿಲ್ಲ. ಅದೂ ಒಂಥರಾ ದಿಗಿಲೆನಿಸಿತು.

ಪಂಚಾಕ್ಷರಿ ಒದ್ದೆ ಫಿಲಂ ಅನ್ನು ಬೆಳಕಿಗೆ ಹಿಡಿದರು. "ಬಲಗಡೆ ಡೈ ಸಲೀಸಾಗಿ ಇಳಿದಿದೆ, ನೋಡಿ. ಎಡಗಡೆ ಇಲ್ಲಿಗೆ ಬಂದು ನಿಂತಿದೆ. ಕಲ್ಲಿದೆ. ಇಷ್ಟು ದಿನ ಹೇಗೆ ತಡ್ಕೊಂಡ್ರೀ? ಜೊತೇಲಿ ಬಂದೋರನ್ನ ಕರೀರಿ, ಅವರಿಗೂ ತೋರಿಸ್ತೀನಿ."

ಅಂಬುಜಾ ಬಾಗಿಲಿನತ್ತ ನೋಡಲಿಲ್ಲ.

"ನಂಗೇ ಇನ್ನೊಂದ್ಸಲ ತೋರ್ಸಿ ಸಾರ್," ಎಂದಳು.